ಕ್ರೀ ಅಜ್ಜಿಯ ತೊಗಲು, ನಮ್ಮ ಅಜ್ಜನ ತೊಗಲು

ಸಂಪಾದಕರಿಗೆ ನಮಸ್ಕಾರ.

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯ ಕೊನೆಯ ಪುಟದಲ್ಲಿ ಒಂದು ಚಿಕ್ಕ ಸುದ್ದಿ ಬಂದಿತ್ತು. ಕೆನಡಾದ ಮೂಲನಿವಾಸಿಗಳಾದ ಕ್ರೀ ಜನ ಪ್ರಾಣಿಯ ಮಿದುಳು ಹಚ್ಚಿ ತೊಗಲು ಹದ ಮಾಡುತ್ತಾರೆ ಎಂಬ ಸುದ್ದಿ. ಅದಕ್ಕೆ ‘ವಿಚಿತ್ರ ಆದರೂ ಸತ್ಯ’ ಎಂದು ತಲೆಬರಹ ಕೊಟ್ಟಿದ್ದಿರಿ. ಓದಿ ಮನಸ್ಸಿಗೆ ಬೇಜಾರಾಯಿತು. ಆ ತೊಗಲನ್ನು ನಾನು ಕೈಯಾರೆ ಹಿಡಿದು ಎಳೆದಿದ್ದೇನೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾದೀತು, ದಯವಿಟ್ಟು ಪೂರ್ತಿ ಹಾಕಿ.

ನಾನು ಅಥಣಿ ತಾಲೂಕಿನವಳು. 31 ವರ್ಷ ಸರ್ಕಾರಿ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾಗಿದ್ದೇನೆ. ಮಗಳು ಕೆನಡಾದ ಸಾಸ್ಕಟೂನಿನಲ್ಲಿ ನರ್ಸ್. ಹೋದ ವರ್ಷ ಅವಳ ಬಾಣಂತನಕ್ಕೆ ಹೋಗಿ ಆರು ತಿಂಗಳು ಇದ್ದೆ. ಅವಳ ಜೊತೆ ಕೆಲಸ ಮಾಡುವ ಒಬ್ಬ ಹುಡುಗಿ ಕ್ರೀ ಮನೆತನದವಳು. ಅವರು ತಮ್ಮ ಭಾಷೆಯಲ್ಲಿ ತಮ್ಮನ್ನು ನೇಹಿಯವ್ ಎನ್ನುತ್ತಾರೆ. ಮಗು ನೋಡಲು ಬಂದವಳು ನನ್ನ ಮೊಮ್ಮಗನಿಗೆ ಒಂದು ಜೊತೆ ಪುಟಾಣಿ ಮೊಕಾಸಿನ್ ತಂದಿದ್ದಳು. ಮೆತ್ತನೆಯ ತೊಗಲಿನ ಕೆರ ಅದು. ಬೆಲ್ಲದ ಬಣ್ಣ. ಮೇಲೆ ಸಣ್ಣ ಸಣ್ಣ ಮಣಿ ಹೊಲಿದು ಮಾಡಿದ ಕೆಂಪು ಹೂವು.

ನಾನು ಅದನ್ನು ಮೂಗಿಗೆ ಹಿಡಿದೆ. ಮೊದಲು ಹೊಗೆಯ ವಾಸನೆ ಬಂತು. ಅದರ ಹಿಂದೆಯೇ ತೊಗಲಿನ ವಾಸನೆ. ಐವತ್ತು ವರ್ಷದ ಹಿಂದಿನ ನಮ್ಮ ಹಿತ್ತಲು ಕಣ್ಣೆದುರಿಗೆ ಬಂತು.

ನಮ್ಮದು ಡೋಹರ ಮನೆತನ. ತೊಗಲು ಹದ ಮಾಡುವುದು ನಮ್ಮ ಹಿರಿಯರ ಕಸುಬು. ಊರ ಹೊರಗೆ ಹಳ್ಳದ ದಂಡೆಗೆ ಅಜ್ಜನ ಸುಣ್ಣದ ಗುಂಡಿಗಳಿದ್ದವು. ಜಾಲಿ ಚಕ್ಕೆ ಮತ್ತು ಅಳಲೆಕಾಯಿ ಜಜ್ಜಿ ನೀರಲ್ಲಿ ನೆನೆಹಾಕುತ್ತಿದ್ದರು. ತೊಗಲನ್ನು ಚೀಲದ ಹಾಗೆ ಹೊಲಿದು, ಮರಕ್ಕೆ ತೂಗುಹಾಕಿ, ಒಳಗೆ ಆ ಚಕ್ಕೆ ನೀರು ತುಂಬುತ್ತಿದ್ದರು. ನೀರು ಜಿನುಗಿ ಕೆಳಗಿನ ಮಡಕೆಗೆ ಬೀಳುತ್ತಿತ್ತು. ಅದನ್ನೇ ಎತ್ತಿ ಮತ್ತೆ ಚೀಲಕ್ಕೆ ಹಾಕುವುದು. ಬಾವಿಯಿಂದ ನೀರೆತ್ತುವ ಕಪಿಲೆಯ ಚೀಲ, ನೊಗದ ಮಿಣಿ, ಬಾರುಕೋಲು, ಬಾರಿಸುವ ಹಲಗೆ, ಕಾಲಿನ ಚಪ್ಪಲಿ, ಊರಿಗೆ ಬೇಕಾದ ಎಲ್ಲ ತೊಗಲೂ ಆ ಗುಂಡಿಯಿಂದಲೇ ಹೋಗುತ್ತಿತ್ತು. ಆದರೆ ನಾನು ಶಾಲೆಗೆ ಹೋಗುವ ದಿನ ಆಯಿ, ಅಂದರೆ ನನ್ನ ಅಜ್ಜಿ, ನನ್ನ ಲಂಗವನ್ನು ಎರಡೆರಡು ಸಲ ಒಗೆಯುತ್ತಿದ್ದಳು. ವಾಸನೆ ಬರಬಾರದು ಅಂತ. ಬಂದೇ ಬರುತ್ತಿತ್ತು. ನನ್ನ ಪಕ್ಕ ಕೂತವರು ಎದ್ದು ಬೇರೆ ಕಡೆ ಹೋಗಿ ಕೂರುತ್ತಿದ್ದರು.

ಆ ಹುಡುಗಿಗೆ ಇದನ್ನೆಲ್ಲ ಮಗಳ ಬಾಯಿಂದ ಹೇಳಿಸಿದೆ. ಅವಳು ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ, ಸೆಪ್ಟೆಂಬರಿನಲ್ಲಿ ನಮ್ಮ ಮನೆಯವರೆಲ್ಲ ತೊಗಲಿನ ಕೆಲಸಕ್ಕೆ ಕೂಡುತ್ತೇವೆ, ನೀವು ಬರಲೇಬೇಕು ಎಂದಳು.

ಹೋಗುವ ಮುಂಚೆ ಮಗಳು ಒಂದು ಮಾತು ಹೇಳಿದಳು. ಅಲ್ಲಿ ಹಿರಿಯರಿಂದ ಏನಾದರೂ ಕಲಿಯಬೇಕಾದರೆ ಹೊಗೆಸೊಪ್ಪು ಕೊಟ್ಟು ಕೇಳಬೇಕು. ಜೊತೆಗೆ ಬಟ್ಟೆ ಕೊಡುವುದೂ ಉಂಟು. ನಮ್ಮಲ್ಲಿ ಎಲೆ ಅಡಿಕೆ ಇಟ್ಟು ಕೇಳುವುದಿಲ್ಲವಾ, ಹಾಗೆಯೇ. ನಾನು ಒಂದು ಪೊಟ್ಟಣ ಹೊಗೆಸೊಪ್ಪು ಕೊಂಡೆ. ಊರಿಂದ ತಂದಿದ್ದ ಗುಳೇದಗುಡ್ಡದ ರವಿಕೆ ಕಣವನ್ನೂ ಪೆಟ್ಟಿಗೆಯಿಂದ ತೆಗೆದೆ.

ಪ್ರಿನ್ಸ್ ಆಲ್ಬರ್ಟ್ ಊರು ದಾಟಿ ಉತ್ತರಕ್ಕೆ ಹೋದರೆ ಗೋಧಿ ಹೊಲ ಮುಗಿದು ಸ್ಪ್ರೂಸ್ ಮರದ ಕಾಡು ಶುರುವಾಗುತ್ತದೆ. ಅಲ್ಲಿ ಒಂದು ಕೆರೆಯ ದಂಡೆಗೆ ಅವರ ಬಿಡಾರ. ನಾಲ್ಕು ಟೆಂಟು, ಒಂದು ಹಳೆಯ ಪಿಕಪ್ ಗಾಡಿ, ಏಳೆಂಟು ಮಕ್ಕಳು, ಎರಡು ನಾಯಿ. ಹುಡುಗಿಯ ಅಜ್ಜಿಗೆ 78 ವರ್ಷ. ಎಲ್ಲರೂ ಅವರನ್ನು ಕೋಹ್ಕೊಮ್ ಎನ್ನುತ್ತಿದ್ದರು. ಅಜ್ಜಿ ಎಂದು ಅರ್ಥ. ನಿಮ್ಮಲ್ಲಿ ಏನೆಂದು ಕರೆಯುತ್ತೀರಿ ಎಂದು ಕೇಳಿದರು. ನಮ್ಮ ಕಡೆ ಆಯಿ ಎಂದೆ. ‘ಆಯಿ, ಆಯಿ’ ಎಂದು ಎರಡು ಸಲ ಅಂದು ನೋಡಿದರು. ಕಣವನ್ನು ಬಿಡಿಸಿ, ಅಂಚನ್ನು ಹೆಬ್ಬೆರಳಿನಿಂದ ಸವರಿ, ಇದನ್ನು ಕೈಮಗ್ಗದಲ್ಲಿ ನೇಯ್ದದ್ದಲ್ಲವಾ ಎಂದರು. ಕೈಕೆಲಸದವರ ಕಣ್ಣಿಗೆ ಕೈಕೆಲಸ ಗೊತ್ತಾಗದೆ ಇರುತ್ತದೆಯೇ?

ಈಗ ಕೆಲಸದ ವಿಷಯ ಹೇಳುತ್ತೇನೆ. ನಿಮ್ಮ ಸುದ್ದಿಯಲ್ಲಿ ಅದೇ ಇರಲಿಲ್ಲ.

ತೊಗಲು ಮೂಸಿನದು. ಮೂಸ್ ಎಂದರೆ ನಮ್ಮ ಕಡವೆಯ ಜಾತಿಯದೇ, ಆದರೆ ಕುದುರೆಗಿಂತ ಎತ್ತರ. ಕ್ರೀ ಭಾಷೆಯಲ್ಲಿ ಮೋಸ್ವ. ಇಂಗ್ಲಿಷಿನ ಮೂಸ್ ಪದವೇ ಈ ಭಾಷೆಗಳ ಕುಟುಂಬದಿಂದ ಹೋದದ್ದು. ಮೊಕಾಸಿನ್ ಕೂಡ ಹಾಗೆಯೇ. ಹಿಂದಿನ ವರ್ಷ ಬೇಟೆಯಾಡಿದ ಮೂಸಿನ ಮಾಂಸ ಬಳಗಕ್ಕೆಲ್ಲ ಹಂಚಿಕೆಯಾಗಿ, ತೊಗಲು ಫ್ರೀಜರಿನಲ್ಲಿ ಉಳಿದಿತ್ತು. ಇಬ್ಬರು ಗಂಡಸರು ಹೊತ್ತು ತಂದು ಅಡ್ಡ ಕಟ್ಟಿದ ಮರದ ಬೊಡ್ಡೆಯ ಮೇಲೆ ಹಾಕಿದರು.

ಮೊದಲು ಒಳಬದಿಯ ಮಾಂಸ, ಕೊಬ್ಬು, ಪೊರೆ ಎಲ್ಲ ತೆಗೆಯಬೇಕು. ಅದಕ್ಕೆ ಬಳಸುವ ಉಪಕರಣವೂ ಮೂಸಿನದೇ ಕಾಲಿನ ಎಲುಬು. ತುದಿಯನ್ನು ಓರೆಯಾಗಿ ಕತ್ತರಿಸಿ, ಅಂಚಿಗೆ ಗರಗಸದ ಹಾಗೆ ಹಲ್ಲು ಕೊರೆದಿರುತ್ತಾರೆ. ಮುಂಗೈಗೆ ಸುತ್ತಿಕೊಳ್ಳಲು ತೊಗಲಿನ ಒಂದು ಪಟ್ಟಿ. ಕೋಹ್ಕೊಮ್ ಕೈಯಲ್ಲಿದ್ದ ಎಲುಬು ಅವರ ತಾಯಿಯದು. ಹಿಡಿಯುವ ಜಾಗ ಸವೆದು ದಂತದ ಹಾಗೆ ಹೊಳೆಯುತ್ತಿತ್ತು. ತೊಗಲು ಕತ್ತರಿಸುವ ನನ್ನ ಅಜ್ಜನ ರಂಪಿಯ ಹಿಡಿಯೂ ಹೀಗೇ ಸವೆದಿತ್ತು. ನಾನು ನನ್ನ ಹೆಬ್ಬೆರಳನ್ನು ಆ ಸವೆದ ಜಾಗದಲ್ಲಿಟ್ಟೆ. ಸರಿಯಾಗಿ ಕೂತಿತು.

ಮರುದಿನ ಸ್ಪ್ರೂಸ್ ಗಳುಗಳಿಂದ ದೊಡ್ಡ ಚೌಕಟ್ಟು ಕಟ್ಟಿದರು. ತೊಗಲಿನ ಅಂಚಿಗೆ ತೂತು ಮಾಡಿ, ಹಗ್ಗ ಹಾಯಿಸಿ, ಚೌಕಟ್ಟಿಗೆ ಬಿಗಿದರು. ನಮ್ಮ ಹಲಗೆ ಬಿಗಿಯುವ ಹಾಗೆ. ಒಣಗಿದ ಮೇಲೆ ಬಾಗಿದ ಅಲಗಿನ ಹೆರೆಮಣೆಯಂಥ ಸಾಧನದಿಂದ ಕೂದಲು ಹೆರೆಯುವುದು. ಸರ್ ಸರ್ ಎಂದು ಸದ್ದು ಬರುತ್ತಾ ಇರುತ್ತದೆ. ಕುತ್ತಿಗೆಯ ಕಡೆ ತೊಗಲು ದಪ್ಪ, ಹೊಟ್ಟೆಯ ಕಡೆ ತೆಳು. ಹೊಟ್ಟೆಯ ಕಡೆ ಸ್ವಲ್ಪ ಜಾಸ್ತಿ ಒತ್ತಿದರೂ ತೂತು ಬೀಳುತ್ತದೆ. ಹನ್ನೆರಡು ವರ್ಷದ ಒಬ್ಬ ಹುಡುಗ ಹಾಗೆ ತೂತು ಮಾಡಿಬಿಟ್ಟ. ಅವನ ಮುಖ ಚಿಕ್ಕದಾಯಿತು. ಯಾರೂ ಬೈಯಲಿಲ್ಲ. ಅಜ್ಜಿ ಅವನನ್ನು ಕರೆದು ಸೂಜಿ ದಾರ ಕೊಟ್ಟು, ಅದನ್ನು ಹೊಲಿಯುವುದನ್ನೂ ತೋರಿಸಿಕೊಟ್ಟರು.

ನೀವು ವಿಚಿತ್ರ ಎಂದ ಮಿದುಳು ಬರುವುದು ಇಲ್ಲಿ. ಮಿದುಳನ್ನು ಬೆಚ್ಚಗಿನ ನೀರಿನಲ್ಲಿ ಕಿವುಚಿ ಜೋಳದ ಅಂಬಲಿಯ ಹದಕ್ಕೆ ತರುತ್ತಾರೆ. ಅದನ್ನು ತೊಗಲಿಗೆ ತಿಕ್ಕಿ, ಅದರಲ್ಲೇ ನೆನೆಹಾಕುತ್ತಾರೆ. ಮಿದುಳಿನಲ್ಲಿ ಜಿಡ್ಡು ಇದೆ. ಆ ಜಿಡ್ಡು ನೀರಿನ ಜೊತೆ ಬೆರೆತು ತೊಗಲಿನ ನಾರುಗಳ ನಡುವೆ ಇಳಿಯುತ್ತದೆ. ಅದರಿಂದ ನಾರುಗಳು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಪ್ರತಿ ಪ್ರಾಣಿಗೂ ತನ್ನ ತೊಗಲನ್ನು ಹದ ಮಾಡಲು ಸಾಕಾಗುವಷ್ಟು ಮಿದುಳು ಇದ್ದೇ ಇರುತ್ತದೆ ಎಂಬ ಮಾತು ಆ ಕಡೆ ಇದೆ. ಬೇಟೆಯಾಡಿದ ಪ್ರಾಣಿಯ ಏನನ್ನೂ ಬಿಸಾಡಬಾರದು ಎಂಬ ನೇಮದಲ್ಲಿ ಬದುಕಿದವರು ಕಂಡುಕೊಂಡ ದಾರಿ ಅದು. ಇದರಲ್ಲಿ ವಿಚಿತ್ರ ಏನು ಬಂತು, ಹೇಳಿ.

ಆಮೇಲೆ ಹಿಂಡುವುದು. ತೊಗಲನ್ನು ಗಳುವಿಗೆ ಸುತ್ತಿ, ಮಧ್ಯೆ ಕೋಲು ತೂರಿಸಿ, ತಿರುಚಿ ತಿರುಚಿ ನೀರು ಇಳಿಸುತ್ತಾರೆ. ಅದಾದ ಮೇಲೆ ಎಳೆಯುವುದು. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಇದಕ್ಕೆ ಮನೆ ಮಂದಿಯೆಲ್ಲ ಬೇಕು. ಸುತ್ತ ನಿಂತು, ಕಂಬಳಿ ಝಾಡಿಸುವವರ ಹಾಗೆ ಅಂಚು ಹಿಡಿದು, ಹಿಂದಕ್ಕೆ ವಾಲಿ ಎಳೆಯುತ್ತೇವೆ. ಬಿಡುತ್ತೇವೆ. ಮತ್ತೆ ಎಳೆಯುತ್ತೇವೆ. ಒಣಗುವ ತನಕ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಮರದ ಹಲಗೆಯ ಹಾಗೆ ಸೆಟೆದುಕೊಳ್ಳುತ್ತದೆ. ಆಗ ಮತ್ತೆ ನೆನೆಸಬೇಕು, ಮತ್ತೆ ಹಿಂಡಬೇಕು, ಮತ್ತೆ ಎಳೆಯಬೇಕು. ನನ್ನ ಎಡಕ್ಕೆ ಹುಡುಗಿಯ ಅಣ್ಣ, ಬಲಕ್ಕೆ ಏಳು ವರ್ಷದ ಒಂದು ಮಗು. ಅದರ ಕೈ ಜಾರಿದಾಗಲೆಲ್ಲ ನಾವೆಲ್ಲ ಒಂದೇ ಕಡೆಗೆ ವಾಲುತ್ತಿದ್ದೆವು. ಎಳೆಯುತ್ತಾ ಎಳೆಯುತ್ತಾ ಮಾತು. ಯಾರ ಮದುವೆ, ಯಾರ ಕಾಯಿಲೆ, ಯಾವ ಕೆರೆಯಲ್ಲಿ ಮೀನು. ನಡುನಡುವೆ ಅಜ್ಜಿ ಒಂದೊಂದು ಕ್ರೀ ಪದ ಹೇಳಿಕೊಡುತ್ತಿದ್ದರು. ಹದವಾದ ತೊಗಲಿಗೆ ಪಹ್ಕೇಕಿನ್. ಮಕ್ಕಳು ಎಳೆಯುವ ಲಯಕ್ಕೇ ಅದನ್ನು ಹೇಳುತ್ತಿದ್ದರು. ಮಗ್ಗಿ ಹೇಳಿದ ಹಾಗೆ.

ನಾನು 31 ವರ್ಷ ಮಕ್ಕಳಿಗೆ ಪದ ಕಲಿಸಿದವಳು. ಹೀಗೆ ಪದ ಕಲಿಸುವುದನ್ನು ಅಲ್ಲಿಯೇ ಮೊದಲು ಕಂಡೆ.

ಕೊನೆಗೆ ಹೊಗೆ ಕೊಡುವುದು. ಇಲ್ಲಿಗೆ ಬಂದಾಗ ನನಗೆ ಎದೆ ತುಂಬಿ ಬಂತು. ಬೆಳ್ಳಗೆ, ಬಟ್ಟೆಯಷ್ಟು ಮೆತ್ತಗೆ ಆಗಿದ್ದ ತೊಗಲನ್ನು ಅವರು ಚೀಲದ ಹಾಗೆ ಹೊಲಿದರು. ಮೂರು ಗಳು ಕೂಡಿಸಿ ನಿಲ್ಲಿಸಿ, ಅದರಿಂದ ತೂಗುಹಾಕಿದರು. ಕೆಳಗೆ ಬಾಯಿಗೆ ಕ್ಯಾನ್ವಾಸ್ ಬಟ್ಟೆಯ ಅಂಚು. ನನ್ನ ಅಜ್ಜ ಚೀಲ ಹೊಲಿದು ಒಳಗೆ ಚಕ್ಕೆ ನೀರು ತುಂಬುತ್ತಿದ್ದ. ಇವರು ಚೀಲ ಹೊಲಿದು ಒಳಗೆ ಹೊಗೆ ತುಂಬುತ್ತಾರೆ. ಇಷ್ಟೇ ವ್ಯತ್ಯಾಸ. ಜಾಲಿ ಚಕ್ಕೆಯ ಒಗರು ತೊಗಲನ್ನು ಕೊಳೆಯದ ಹಾಗೆ ಕಾಯುತ್ತದೆ. ಹೊಗೆಯಲ್ಲಿರುವ ಆಲ್ಡಿಹೈಡ್ ಎಂಬ ರಾಸಾಯನಿಕಗಳು ನಾರುಗಳನ್ನು ಕಟ್ಟಿ ಹಿಡಿಯುತ್ತವೆ. ಹೊಗೆ ಕುಡಿದ ತೊಗಲು ಮಳೆಯಲ್ಲಿ ನೆನೆದರೂ ಒಣಗಿದ ಮೇಲೆ ಮೆತ್ತಗೇ ಇರುತ್ತದೆ.

ಹೊಗೆಗೆ ಒಣಗಿ ಟೊಳ್ಳಾದ, ಕೈಯಲ್ಲಿ ಹಿಚುಕಿದರೆ ಪುಡಿಯಾಗುವ ಹಳೆಯ ಸ್ಪ್ರೂಸ್ ಕಟ್ಟಿಗೆ ಬೇಕು. ಅದು ಉರಿಯಬಾರದು, ಹೊಗೆಯಾಡಬೇಕು ಅಷ್ಟೇ. ಒಂದು ಕಿಡಿ ಎದ್ದರೂ ಇಷ್ಟು ದಿನದ ಕೆಲಸ ಸುಟ್ಟು ಹೋಗುತ್ತದೆ. ಕೋಹ್ಕೊಮ್ ಚಿಕ್ಕ ಮಣೆ ಹಾಕಿಕೊಂಡು ಕೂತರು. ಸಂಜೆಯಿಂದ ಕತ್ತಲಾಗುವ ತನಕ ಏಳಲಿಲ್ಲ. ಆಗಾಗ ಹೊಲಿಗೆಯ ಸಂದಿಯಲ್ಲಿ ಇಣುಕಿ ಬಣ್ಣ ನೋಡುತ್ತಿದ್ದರು. ಮೊದಲು ಹಾಲಿನ ಕೆನೆ, ಆಮೇಲೆ ಅರಿಸಿನ ಹಾಲು, ಆಮೇಲೆ ಹೊಸ ಬೆಲ್ಲ. ಒಂದು ಸಲ ಹೆಬ್ಬೆರಳಿನಿಂದ ಒತ್ತಿ ನೋಡಿ ತಲೆಯಾಡಿಸಿದರು. ನನ್ನ ಬಾಯಿಂದ ತಾನಾಗಿ ‘ಹದ ಬಂತು’ ಎಂದು ಬಂತು. ಅದರ ಅರ್ಥ ಏನು ಎಂದು ಕೇಳಿದರು. ಬೆಲ್ಲದ ಪಾಕಕ್ಕೂ ಅದೇ ಮಾತು, ಮಳೆ ಬಿದ್ದ ಹೊಲಕ್ಕೂ ಅದೇ, ತೊಗಲಿಗೂ ಅದೇ ಎಂದು ಮಗಳು ಬಿಡಿಸಿ ಹೇಳಿದಳು. ಅವರಿಗೆ ಬಹಳ ಖುಷಿಯಾಯಿತು.

ಆ ರಾತ್ರಿ ಬೆಂಕಿಯ ಹತ್ತಿರ ಅವರು ತಮ್ಮ ಕತೆ ಹೇಳಿದರು. ಆರು ವರ್ಷಕ್ಕೇ ಅವರನ್ನು, ಮೂಲನಿವಾಸಿ ಮಕ್ಕಳಿಗೆಂದು ಸರ್ಕಾರ ಮಾಡಿದ್ದ ವಸತಿ ಶಾಲೆಗೆ ಒಯ್ದರು. ಅಲ್ಲಿ ಕ್ರೀ ಮಾತಾಡಿದರೆ ಪೆಟ್ಟು. ಶಾಲೆ ಸೆಪ್ಟೆಂಬರಿನಿಂದ ಜೂನ್ ತನಕ. ಬೇಟೆಯ ಕಾಲವೂ ಅದೇ. ತೊಗಲು ಹದ ಮಾಡುವುದನ್ನು ಪುಸ್ತಕದಲ್ಲಿ ಓದಿ ಕಲಿಯಲಾಗುವುದಿಲ್ಲ. ತಾಯಿಯ ಪಕ್ಕ ವಾರಗಟ್ಟಲೆ ಕೂತೇ ಕಲಿಯಬೇಕು. ಮಕ್ಕಳೇ ಪಕ್ಕದಲ್ಲಿ ಇಲ್ಲ ಎಂದ ಮೇಲೆ ತಾಯಂದಿರು ಯಾರಿಗೆ ಕಲಿಸಬೇಕು?

ಕೆನಡಾದಲ್ಲಿ ಇಂಥ ಶಾಲೆಗಳಿಗೆ ಹೋದ ಮೂಲನಿವಾಸಿ ಮಕ್ಕಳು ಒಂದೂವರೆ ಲಕ್ಷಕ್ಕೂ ಜಾಸ್ತಿ. 1876ರಲ್ಲಿ ಇದೇ ಕ್ರೀ ಜನರ ಜೊತೆ ಅಲ್ಲಿಯ ಸರ್ಕಾರ ಆರನೇ ಒಪ್ಪಂದ ಮಾಡಿಕೊಂಡು, ನಿಮ್ಮ ಬೇಟೆ, ಮೀನುಗಾರಿಕೆ ನಿಮ್ಮದೇ ಎಂದಿತ್ತು. ಅದೇ ವರ್ಷ ಮೂಲನಿವಾಸಿಗಳ ಬದುಕನ್ನು ಸರ್ಕಾರದ ಹತೋಟಿಗೆ ತರುವ ಇಂಡಿಯನ್ ಕಾಯ್ದೆಯನ್ನೂ ತಂದಿತು. 1920ರಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವುದು ಕಡ್ಡಾಯವಾಯಿತು. ಸರ್ಕಾರದ ಹಣದಲ್ಲಿ ನಡೆದ ಕೊನೆಯ ಶಾಲೆಗಳು ಮುಚ್ಚುವ ಹೊತ್ತಿಗೆ 1990ರ ದಶಕ ಮುಗಿಯುತ್ತಾ ಬಂದಿತ್ತು. ಈ ಶಾಲೆಗಳ ವಿಚಾರಣೆ ಮಾಡಿದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ 94 ಶಿಫಾರಸು ಕೊಟ್ಟಿತು. ನಾನು ಅಂಕಿಗಳನ್ನು ಹೇಳುತ್ತಾ ಹೋಗುವುದಿಲ್ಲ. ಆ ಅಜ್ಜಿ ಹೇಳಿದ ಒಂದು ಮಾತು ಸಾಕು. ಶಾಲೆಯಲ್ಲಿ ತಾಯಿಯ ಮುಖ ಮರೆತು ಹೋಗಲು ಶುರುವಾಯಿತಂತೆ. ತಾಯಿಯ ತೊಗಲಿನ ಹೊಗೆ ವಾಸನೆ ಮಾತ್ರ ಮರೆಯಲಿಲ್ಲವಂತೆ. ಮದುವೆಯಾಗಿ, ಮಕ್ಕಳಾಗಿ, ನಲವತ್ತು ದಾಟಿದ ಮೇಲೆ ತಾಯಿಯ ಹತ್ತಿರ ಕೂತು ಮೊದಲಿನಿಂದ ಕಲಿತರಂತೆ. ಈಗ ಪ್ರತಿ ವರ್ಷ ಮೊಮ್ಮಕ್ಕಳನ್ನು ಕೂಡಿಸುತ್ತಾರೆ. ಮೊಮ್ಮಕ್ಕಳೊಳಗೆ ಒಬ್ಬಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ರಜೆ ಹಾಕಿ ಬಂದಿದ್ದಳು.

ಇದು ಒಂದು ಮನೆಯ ಮಾತಲ್ಲ. ಆಲ್ಬರ್ಟಾದ ಲಾಕ್ ಲಾ ಬಿಷ್ ಊರಿನ ಪೋರ್ಟೇಜ್ ಕಾಲೇಜಿನಲ್ಲಿ ಮೂಲನಿವಾಸಿ ಕಲೆಗಳ ಜೊತೆ ತೊಗಲು ಹದ ಮಾಡುವುದನ್ನೂ ಕಲಿಸುತ್ತಾರೆ. ಇನ್ನೂ ಉತ್ತರಕ್ಕೆ, ಯೆಲ್ಲೋನೈಫ್ ಪಟ್ಟಣದಲ್ಲಿ ಡೆನೆ ಎಂಬ ಮೂಲನಿವಾಸಿ ಜನರ ಡೆನೆ ನಾಹ್ಜೋ ಸಂಸ್ಥೆಯವರು ಊರ ನಡುವೆಯೇ ತೊಗಲಿನ ಬಿಡಾರ ಹಾಕಿ ಕಲಿಸಿದರು. ದಾರಿಹೋಕರು ನಿಂತು ನೋಡುವ ಹಾಗೆ. ಬ್ರಿಟಿಷ್ ಕೊಲಂಬಿಯಾದಲ್ಲಿ 2011ರಲ್ಲಿ ಪಾಲ್ ಲಸರ್ಟ್ ಎಂಬ ಮೂಲನಿವಾಸಿ ಮತ್ತು ಅವರ ಮಗಳು ರೇವನ್ ಒಂದು ಮೂಸ್ ಬೇಟೆಯಾಡಿದರು. ಹತ್ತಿರದಲ್ಲೇ ಎಷ್ಟೋ ಹೆಣ್ಣುಮಕ್ಕಳು ಕಾಣೆಯಾದ, ಕೊಲೆಯಾದ ಹೆದ್ದಾರಿ. ಆ ಮೂಸಿನ ತೊಗಲನ್ನು ಸಣ್ಣ ಚೌಕಗಳಾಗಿ ಕತ್ತರಿಸಿ ಗಂಡಸರ ಅಂಗಿಗೆ ಚುಚ್ಚಿದರು. ಹೆಂಗಸರ, ಮಕ್ಕಳ ಮೇಲೆ ಕೈ ಮಾಡುವುದಿಲ್ಲ ಎಂಬ ಮಾತಿನ ಗುರುತು ಅದು. ಈಗ ಲಕ್ಷಗಟ್ಟಲೆ ಜನರ ಎದೆಯ ಮೇಲಿದೆ. ನನ್ನ ಅಳಿಯನ ಕೋಟಿನ ಮೇಲೂ ಒಂದಿದೆ.

ಹೊಗೆ ಕೊಟ್ಟ ಒಂದು ಮೂಸ್ ತೊಗಲಿಗೆ ಈಗ ಸಾವಿರ ಡಾಲರಿಗೂ ಮೇಲೆ ಬೆಲೆ ಇದೆ. ಮಣಿ ಕೆಲಸದ ಕಲಾವಿದೆಯರು ಹುಡುಕಿಕೊಂಡು ಬರುತ್ತಾರೆ. ಆದರೆ ಈ ಅಜ್ಜಿ ತಮ್ಮದನ್ನು ಮಾರಲಿಲ್ಲ. ಮನೆಯಲ್ಲಿ ಹುಟ್ಟುವ ಮಕ್ಕಳಿಗೆ, ಮದುವೆಗೆ ಎಂದು ತೆಗೆದಿಟ್ಟರು.

ಸಂಪಾದಕರೇ, ಈಗ ನಮ್ಮ ಕಡೆಯ ಮಾತಿಗೆ ಬರುತ್ತೇನೆ. ಅವರ ನೋವು, ನಮ್ಮ ನೋವು ಒಂದೇ ಎಂದು ಹೇಳಲಾರೆ. ಅವರ ಕೆಲಸವನ್ನು ಹೊರಗಿನವರು ಬಂದು ಕಿತ್ತುಕೊಂಡರು. ನಮ್ಮ ಮೇಲೆ ಈ ಕೆಲಸವನ್ನು ನಮ್ಮ ಊರಿನವರೇ ಹೇರಿದರು. ಹೇರಿ, ಅದೇ ಕಾರಣಕ್ಕೆ ಊರ ಹೊರಗೆ ಇಟ್ಟರು. ಹಾಗಾಗಿ ನಮ್ಮ ಮಕ್ಕಳು ಮತ್ತೆ ಸುಣ್ಣದ ಗುಂಡಿಗೆ ಇಳಿಯಲಿ ಎಂದು ನಾನು ಎಂದಿಗೂ ಹೇಳುವುದಿಲ್ಲ. ನನ್ನ ಅಪ್ಪ ನನ್ನ ಅಣ್ಣಂದಿರಿಗೆ ಈ ಕೆಲಸ ಕಲಿಸಲಿಲ್ಲ. ಬೇಕೆಂದೇ ಕಲಿಸಲಿಲ್ಲ. ಅದು ಸರಿಯಾಗಿತ್ತು. ನಾನು ಟೀಚರ್ ಆದದ್ದು ಅದರಿಂದಲೇ.

ಆದರೆ ಕೆಲಸ ಬಿಡುವುದು ಬೇರೆ, ಕೆಲಸದ ಜಾಣತನ ಮರೆಯುವುದು ಬೇರೆ. ಬಸವಣ್ಣನವರು ಡೋಹರ ಕಕ್ಕಯ್ಯನವರನ್ನು ಬೊಪ್ಪ, ಅಂದರೆ ತಂದೆ, ಎಂದು ಕರೆದರು ಎಂಬುದನ್ನು ಪ್ರತಿ ವರ್ಷ ಪಾಠ ಮಾಡಿದೆ. ಕಕ್ಕಯ್ಯ ಮಾಡುತ್ತಿದ್ದ ಕೆಲಸ ಯಾವುದು, ಅದನ್ನು ಹೇಗೆ ಮಾಡುತ್ತಾರೆ ಎಂದು ಒಂದು ದಿನವೂ ಮಕ್ಕಳಿಗೆ ಹೇಳಲಿಲ್ಲ. ಹೇಳಿದರೆ ನನ್ನ ಮನೆ ಯಾವುದು ಎಂದು ಗೊತ್ತಾಗುತ್ತದೆ ಎಂಬ ಹೆದರಿಕೆ. ಆ ಕ್ರೀ ಹುಡುಗಿ ಹೊಗೆ ವಾಸನೆಯ ಜಾಕೆಟ್ ಹಾಕಿಕೊಂಡೇ ಆಸ್ಪತ್ರೆಗೆ ಬರುತ್ತಾಳೆ. ನಾನು ಅದನ್ನು ನೋಡಿದಾಗಲೆಲ್ಲ ಆಯಿ ಒಗೆದ ನನ್ನ ಲಂಗ ನೆನಪಾಗುತ್ತಿತ್ತು.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ, ಇದು ಇಂಥ ಸೀಮೆಯದೇ ಎಂದು ಹೇಳುವ ಜಿಐ ಗುರುತು ಬಂತು. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿವೆ. 2025ರಲ್ಲಿ ತೊಗಲುಗೊಂಬೆಯಾಟದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ನನಗೆ ತುಂಬಾ ಹೆಮ್ಮೆ. ಚಪ್ಪಲಿಯ ಬಗ್ಗೆ ಬರೆಯುತ್ತೀರಿ, ಗೊಂಬೆಯ ಬಗ್ಗೆ ಬರೆಯುತ್ತೀರಿ. ಅದರ ಹಿಂದಿನ ತೊಗಲು ಹೇಗೆ ತೊಗಲಾಯಿತು ಎಂಬುದನ್ನೂ ಬರೆಯಿರಿ. ಜಾಲಿ ಚಕ್ಕೆ ಯಾವ ತಿಂಗಳು ಸುಲಿಯಬೇಕು, ಅಳಲೆಕಾಯಿ ಎಷ್ಟು ಹಾಕಬೇಕು, ಚೀಲ ಯಾವಾಗ ಬಿಚ್ಚಬೇಕು, ಇದೆಲ್ಲ ಗೊತ್ತಿದ್ದವರು ನಮ್ಮ ಕಡೆ ಈಗ ಎಷ್ಟು ಜನ ಇದ್ದಾರೆ? ಇರುವವರಿಗೆಲ್ಲ ಎಂಬತ್ತರ ಆಚೆ ವಯಸ್ಸು. ಇವರನ್ನು ಕೇಳಲು ನಿಮ್ಮ ವರದಿಗಾರರನ್ನು ಕಳಿಸಿ. ಕೊನೆಯ ಪುಟದಲ್ಲಿ ಬೇಡ, ಕಲೆ ಸಾಹಿತ್ಯದ ಪುಟದಲ್ಲಿ ಹಾಕಿ.

ಹೊರಡುವಾಗ ಕೋಹ್ಕೊಮ್ ನನಗೆ ಅಂಗೈಯಗಲದ ಒಂದು ತುಂಡು ತೊಗಲು ಕೊಟ್ಟರು. ಅದೇ ಹುಡುಗ ತೂತು ಮಾಡಿ ಹೊಲಿದ ಜಾಗ. ಹೊಲಿಗೆ ಸ್ವಲ್ಪ ಸೊಟ್ಟಗಿದೆ.

ಊರಿಗೆ ಬಂದ ಮೇಲೆ ಅದನ್ನು ನಮ್ಮ ಕಾಕಾನ ಹತ್ತಿರ ಒಯ್ದೆ. ಅಪ್ಪನ ಕೊನೆಯ ತಮ್ಮ, 84 ವರ್ಷ. ಅಜ್ಜನ ಕೈ ಕೆಳಗೆ ಕಲಿತವರಲ್ಲಿ ಈಗ ಉಳಿದಿರುವುದು ಅವರೊಬ್ಬರೇ. ಕೆನಡಾ, ಮೂಸ್ ಏನೂ ಹೇಳಲಿಲ್ಲ. ಸುಮ್ನೆ ಕೈಯಲ್ಲಿ ಇಟ್ಟೆ. ಮೂಸಿ ನೋಡಿದರು. ಮಡಚಿದರು, ಬಿಟ್ಟರು. ಹೆಬ್ಬೆರಳಿನಿಂದ ಒತ್ತಿ ಬೆಳಕಿಗೆ ಹಿಡಿದರು. ‘ಯಾವ ಎಣ್ಣಿ ಹಾಕ್ಯಾರವ್ವಾ ಇದಕ್ಕ?’ ಎಂದು ಕೇಳಿದರು.

ಎಣ್ಣೆ ಅಲ್ಲ ಕಾಕಾ, ಮಿದುಳು ಎಂದೆ. ಅವರು ನಗಲಿಲ್ಲ, ಮುಖ ಸಿಂಡರಿಸಲಿಲ್ಲ. ಸ್ವಲ್ಪ ಹೊತ್ತು ಯೋಚನೆ ಮಾಡಿದರು. ‘ಹೌದು ನೋಡು, ಅದರಾಗ ಜಿಡ್ಡು ಇರ್ತೈತಿ’ ಎಂದರು. ಆಮೇಲೆ ಅಜ್ಜ ಕುಸುಬಿ ಎಣ್ಣೆಯನ್ನು ಯಾವಾಗ, ಎಷ್ಟು ಬೆಚ್ಚಗೆ ಮಾಡಿ ಹಚ್ಚುತ್ತಿದ್ದ ಎಂದು ಶುರು ಮಾಡಿದರು. ಮೂರು ದಿನದಲ್ಲಿ ನನ್ನ ನೋಟ್‌ಬುಕ್ಕಿನ ನಲವತ್ತು ಪುಟ ತುಂಬಿದೆ. ಇನ್ನೂ ಇದೆ ಎನ್ನುತ್ತಿದ್ದಾರೆ.

ನಿಮ್ಮ ವರದಿಗಾರರು ಬರುವುದಾದರೆ ಬೆಳಿಗ್ಗೆ ಹೊತ್ತೇ ಬರಲಿ. ಕಾಕಾನಿಗೆ ಆಗ ಕಿವಿ ಚೆನ್ನಾಗಿ ಕೇಳುತ್ತದೆ.

ಇತಿ,
ನಿವೃತ್ತ ಶಿಕ್ಷಕಿ, ಅಥಣಿ ತಾಲೂಕು